ನೇರಳೆ ಮರದ ಕೆಳಗಿನ ವಿಳಾಸ

ಊರಿನಿಂದ ಯಾರಾದರೂ ದೆಹಲಿಗೆ ಬರುವವರಿದ್ದರೆ ಅಪ್ಪ ಇನ್‌ಲ್ಯಾಂಡ್ ಲೆಟರಿನಲ್ಲಿ ವಿಳಾಸ ಬರೆದು ಕಳಿಸುತ್ತಿದ್ದರು. ಮೊದಲು ಬ್ಲಾಕು, ಮನೆ ನಂಬರು, ಸರೋಜಿನಿ ನಗರ, ನವದೆಹಲಿ 23. ಅದರ ಕೆಳಗೆ ಗೆರೆ ಎಳೆದು, ‘ಏನೂ ತಿಳಿಯದಿದ್ದರೆ ನೇರಳೆ ಮರದ ಕೆಳಗೆ ಇಸ್ತ್ರಿ ಮಾಡುವವನನ್ನು ಕೇಳತಕ್ಕದ್ದು’ ಎಂದು ಒಂದು ಸಾಲು. ಬಂದವರೆಲ್ಲ ಆ ಕೊನೆಯ ಸಾಲನ್ನು ನಂಬಿಯೇ ಮನೆ ಮುಟ್ಟಿದವರು. ಬೇರೆ ದಾರಿ ಇರಲಿಲ್ಲ. ನಮ್ಮ ಕಾಲೊನಿಯ ಕ್ವಾರ್ಟರ್ಸುಗಳೆಲ್ಲ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಒಂದೇ ಅಚ್ಚಿನಲ್ಲಿ ಎರೆದವು. ಎರಡು ಅಂತಸ್ತು, ಹಳದಿ ಸುಣ್ಣ, ಮುಂದೆ ಅಂಗೈಯಗಲ ಹುಲ್ಲು, ಹಿಂದೆ ಗೋಡೆ ಸುತ್ತಿದ ಪುಟ್ಟ ಅಂಗಳ. ಬೀದಿಗೊಂದು ಗುರುತು ಅಂತ ಇದ್ದದ್ದು ಮರಗಳಿಂದ. ಬೇವಿನ ಮರದ ಗಲ್ಲಿ, ಅರಳಿ ಮರದ ತಿರುವು, ನಮ್ಮದು ನೇರಳೆ ಮರದ ಸಾಲು.

ಆ ಮರದ ಬುಡದಲ್ಲಿ ಒಂದು ಮರದ ಮೇಜು, ಮೇಲೆ ಮಡಚಿ ಹಾಸಿದ ಹಳೆಯ ಕಂಬಳಿ, ಇದ್ದಿಲು ತುಂಬಿದ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ಅವರು ಉತ್ತರ ಪ್ರದೇಶದ ಪೂರ್ವದ ಕಡೆಯವರು. ನಾವು ಮಕ್ಕಳು ‘ಚಾಚಾ’ ಅನ್ನುತ್ತಿದ್ದೆವು. ಅವರ ಹೆಂಡತಿ ನಮಗೆ ಚಾಚಿ. ಅಮ್ಮ ಮಾತ್ರ ಆಕೆಯನ್ನು ‘ದೀದಿ’ ಎಂದು ಕರೆಯುತ್ತಿದ್ದಳು, ಆಕೆಯೂ ಅಮ್ಮನನ್ನು ‘ದೀದಿ’ ಎಂದೇ. ಇಬ್ಬರಲ್ಲಿ ಯಾರು ದೊಡ್ಡವರು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಅಮ್ಮ ಹಾಸನದ ಕಡೆಯಿಂದ ಬಂದ ಹೊಸತರಲ್ಲಿ ಹಿಂದಿಯಲ್ಲಿ ಎಣಿಸಲು ಕಲಿತದ್ದು ಬಟ್ಟೆ ಗಂಟು ಬಿಚ್ಚಿ ಚಾಚಿಯ ಎದುರು ಎಣಿಸುತ್ತಾ ಎಣಿಸುತ್ತಾ. ಚಾಚಿ ಅಮ್ಮನಿಂದ ಕಲಿತ ಕನ್ನಡ ಪದ ಒಂದೇ, ‘ನೇರಳೆ’. ಅವರ ಬಾಯಲ್ಲಿ ಅದು ‘ನೀರಾಲೆ’ ಆಗಿತ್ತು.

ಜೂನ್ ಕೊನೆಗೆ ಹಣ್ಣು ಉದುರಲು ಶುರುವಾದರೆ ಚಾಚಾ ಮೇಜಿನ ಮೇಲೆ ಟಾರ್ಪಾಲು ಕಟ್ಟುತ್ತಿದ್ದರು. ಆಫೀಸಿನ ಬಿಳಿ ಶರಟಿನ ಮೇಲೆ ಒಂದು ಹಣ್ಣು ಬಿದ್ದರೆ ಆ ಶರಟಿನ ಆಯುಸ್ಸು ಮುಗಿದಂತೆ. ಟಾರ್ಪಾಲಿನ ಮೇಲೆ ಹಣ್ಣು ಬೀಳುವ ಟಪ್ ಟಪ್ ಸದ್ದು ಮಧ್ಯಾಹ್ನದ ನಿದ್ದೆಗೆ ಕೇಳಿಸುತ್ತಿತ್ತು. ನನ್ನ ಬಾಲ್ಯಕ್ಕೆ ಸದ್ದು ಅಂತ ಒಂದಿದ್ದರೆ ಅದು.

ಕಳೆದ ನವೆಂಬರಿನಲ್ಲಿ, ರಾಜ್ಯೋತ್ಸವದ ಹೊತ್ತಿಗೆ, ದೆಹಲಿಗೆ ಹೋಗಿದ್ದೆ. ಅಪ್ಪ ನಿವೃತ್ತರಾಗಿ ನಾವು ಕ್ವಾರ್ಟರ್ಸ್ ಬಿಟ್ಟದ್ದು 1999ರಲ್ಲಿ. ಆಮೇಲೆ ದೆಹಲಿಗೆ ಎಷ್ಟೋ ಸಲ ಹೋಗಿದ್ದೇನೆ. ಸರೋಜಿನಿ ನಗರದ ಮಾರ್ಕೆಟ್ಟಿಗೂ ಹೋಗಿದ್ದೇನೆ. ಆದರೆ ನಮ್ಮ ಸಾಲಿನ ಕಡೆಗೆ ಮಾತ್ರ ಕಾಲು ಹಾಕಿರಲಿಲ್ಲ. ಒಡೆದಿದ್ದಾರೆ ಎಂದು ತಿಳಿದಿತ್ತು. ತಿಳಿದದ್ದನ್ನು ಕಣ್ಣಿನಿಂದ ನೋಡುವುದಕ್ಕೆ ಬೇರೆಯದೇ ಗಟ್ಟಿತನ ಬೇಕು.

ಸರೋಜಿನಿ ನಗರ ಹುಟ್ಟಿದಾಗ ಅದರ ಹೆಸರು ವಿನಯ್ ನಗರ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೇಂದ್ರ ಸರ್ಕಾರದ ಕಚೇರಿಗಳು ಬೆಳೆದವು, ಗುಮಾಸ್ತರು ಬಂದರು, ಅವರಿಗೆ ಮನೆ ಬೇಕಾಯಿತು. ಆಗ ಊರಿನ ದಕ್ಷಿಣದ ಅಂಚು ಎನ್ನಿಸಿಕೊಂಡಿದ್ದ ಈ ಜಾಗದಲ್ಲಿ 1950ರ ದಶಕದಲ್ಲಿ ಸಾಲುಸಾಲಾಗಿ ಕ್ವಾರ್ಟರ್ಸ್ ಎದ್ದವು. ಮುಂದೆ ತುಂಡುತುಂಡಾಗಿ ಹೆಸರು ಬದಲಾಯಿತು. ಸರೋಜಿನಿ ನಾಯ್ಡು, ದಾದಾಭಾಯಿ ನವರೋಜಿ, ನೇತಾಜಿ, ಲಕ್ಷ್ಮೀಬಾಯಿ, ಪಕ್ಕದಲ್ಲಿ ರಫಿ ಅಹ್ಮದ್ ಕಿದ್ವಾಯಿ. ಸ್ವಾತಂತ್ರ್ಯ ಹೋರಾಟದ ಒಂದು ಪಾಠವೇ ಬಸ್ಸಿನ ಬೋರ್ಡುಗಳ ಮೇಲೆ ಓಡಾಡುತ್ತಿತ್ತು. ಹಳೆಯ ಹೆಸರು ವಿನಯ್ ನಗರದ ಬಂಗಾಲಿ ಶಾಲೆಯಲ್ಲಿ ಉಳಿದುಕೊಂಡಿತು.

ಅಪ್ಪ ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದ್ದು 1968ರಲ್ಲಿ. ಕ್ವಾರ್ಟರ್ಸ್ ಸಿಕ್ಕಿದ್ದು 1979ರಲ್ಲಿ. ನಡುವಿನ ಹನ್ನೊಂದು ವರ್ಷ ಕರೋಲ್ ಬಾಗಿನ ಒಂದು ಬರಸಾತಿಯಲ್ಲಿ, ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ. ಮೇ ತಿಂಗಳಲ್ಲಿ ಆ ಕೋಣೆ ಕಾದ ಕಾವಲಿ. ಹಾಗಾಗಿ ‘ಟೈಪ್ ಟು’ ಮನೆಯ ಅಲಾಟ್‌ಮೆಂಟ್ ಕಾಗದ ಬಂದ ದಿನ ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದಳು. ಅಕ್ಷರದ ಮೇಲೆ ಕುಂಕುಮ ಬಿದ್ದು ಮನೆ ನಂಬರು ಅಳಿಸಿಹೋಗಿ ಅಪ್ಪ ಗಾಬರಿಯಾಗಿದ್ದರಂತೆ.

ಟೈಪ್ ಟು ಎಂದರೆ ಏನು ಎಂದು ಬೆಂಗಳೂರಿನ ಗೆಳತಿಯರು ಕೇಳುತ್ತಾರೆ. ಸರ್ಕಾರಿ ವಸತಿಯಲ್ಲಿ ಸಂಬಳದ ಮೆಟ್ಟಿಲು ಯಾವುದೋ ಮನೆಯ ಟೈಪೂ ಅದೇ. ಒಂದರಿಂದ ಏರುತ್ತಾ ಹೋಗುತ್ತದೆ. ಮಕ್ಕಳು ಆಟಕ್ಕೆ ಸೇರಿಸಿಕೊಳ್ಳುವಾಗಲೂ, ದೊಡ್ಡವರು ಸಂಬಂಧ ನೋಡುವಾಗಲೂ, ಮೊದಲ ಪ್ರಶ್ನೆ ಟೈಪ್ ಎಷ್ಟು ಎಂಬುದೇ. ಎರಡು ಕೋಣೆ, ಅಡುಗೆಮನೆ, ವರಾಂಡ, ಅಂಗಳ. ಮೇಲಿನ ಮನೆಯವರಿಗೆ ತಾರಸಿ, ಕೆಳಗಿನವರಿಗೆ ನೆಲ. ನಾವು ಕೆಳಗಿನವರು. ಅಮ್ಮ ಹಾಸನದಿಂದ ತಂದ ಕರಿಬೇವಿನ ಸಸಿ ಮೂರು ಚಳಿಗಾಲದಲ್ಲಿ ಕರಟಿ ನಾಲ್ಕನೆಯದರಲ್ಲಿ ಬದುಕಿಕೊಂಡಿತು. ಆಮೇಲೆ ಇಡೀ ಬ್ಲಾಕಿನ ತಮಿಳರು, ಮಲಯಾಳಿಗಳು, ತೆಲುಗರು ನಮ್ಮ ಮನೆಗೇ ಬರುತ್ತಿದ್ದರು. ಅದಕ್ಕೂ ಮೊದಲು ಕರಿಬೇವು, ತೆಂಗಿನಕಾಯಿ, ನುಗ್ಗೆಕಾಯಿ ಬೇಕೆಂದರೆ ಐಎನ್ಎ ಮಾರ್ಕೆಟ್ಟಿಗೇ ಹೋಗಬೇಕಿತ್ತು.

ಆ ಮನೆ ಚೆನ್ನಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಸೂರು ಬೆವರುತ್ತಿತ್ತು. ಗೋಡೆಯ ಸುಣ್ಣ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಬೇಸಿಗೆಯಲ್ಲಿ ನೀರು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಅಪ್ಪ ನಿವೃತ್ತರಾಗುವ ವರ್ಷ ಹಜಾರದ ತಾರಸಿಯಿಂದ ಒಂದು ದೊಡ್ಡ ತುಂಡು ಗಾರೆ ನಾನು ಓದುತ್ತಾ ಕೂರುವ ಜಾಗಕ್ಕೇ ಬಿದ್ದಿತ್ತು. ನಾನು ಆಗ ಅಂಗಳದಲ್ಲಿದ್ದೆ. ಆ ಮನೆಗಳನ್ನು ಒಡೆದು ಹೊಸದು ಕಟ್ಟಬಾರದಿತ್ತು ಎಂಬ ವಾದ ನನ್ನದಲ್ಲ.

2016ರ ಜುಲೈಯಲ್ಲಿ ಕೇಂದ್ರ ಸಂಪುಟ ದೆಹಲಿಯ ಏಳು ಸರ್ಕಾರಿ ವಸತಿ ಕಾಲೊನಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಕೇಂದ್ರ ಸರ್ಕಾರದ್ದೇ ನಿರ್ಮಾಣ ಕಂಪನಿಯಾದ ಎನ್‌ಬಿಸಿಸಿಗೆ. ಕಸ್ತೂರ್ಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ, ಮೊಹಮ್ಮದ್‌ಪುರ ಕೇಂದ್ರ ಲೋಕೋಪಯೋಗಿ ಇಲಾಖೆಗೆ. ಇದ್ದ 12,970 ಮನೆಗಳ ಜಾಗದಲ್ಲಿ ಸುಮಾರು 25,667 ಮನೆಗಳು, ಅಂದಾಜು ವೆಚ್ಚ 32,835 ಕೋಟಿ ರೂಪಾಯಿ. ಹನ್ನೊಂದು ವರ್ಷ ಸರದಿಯಲ್ಲಿ ಕಾದವರ ಮಗಳು ನಾನು. ಮನೆಗಳು ಎರಡು ಪಟ್ಟು ಆಗುತ್ತವೆ ಎಂಬ ಸುದ್ದಿ ಓದಿದಾಗ ನನಗೆ ಮೊದಲು ಆದದ್ದು ಸಂತೋಷವೇ.

ಈ ಯೋಜನೆಯ ಒಳಗುಟ್ಟು ಅದರ ದುಡ್ಡಿನ ದಾರಿಯಲ್ಲಿದೆ. ಸರ್ಕಾರ ಇದಕ್ಕೆ ಬಜೆಟ್ಟಿನಿಂದ ಹಣ ತೆಗೆದಿಡುವ ಬದಲು, ನವರೋಜಿ ನಗರದಲ್ಲಿ ಮತ್ತು ಸರೋಜಿನಿ ನಗರದ ಒಂದು ಭಾಗದಲ್ಲಿ ವಾಣಿಜ್ಯ ಕಟ್ಟಡ ಎಬ್ಬಿಸಿ, ಆ ಜಾಗ ಮಾರಿ ಬಂದ ಹಣದಲ್ಲೇ ಉಳಿದ ಮನೆಗಳನ್ನು ಕಟ್ಟುವುದು. ನಮ್ಮೂರ ಕಡೆ ರೈತ ಒಂದು ಎಕರೆ ಮಾರಿ ಮಿಕ್ಕ ಎರಡು ಎಕರೆಗೆ ಬೋರ್‌ವೆಲ್ ಕೊರೆಸುತ್ತಾನಲ್ಲ, ಹಾಗೆ. ತಪ್ಪೇನಿಲ್ಲ. ಕೆಲವೊಮ್ಮೆ ಅದೊಂದೇ ದಾರಿ. ಆದರೆ ಮಾರಿದ ಆ ಎಕರೆಯಲ್ಲಿ ಏನು ಬೆಳೆಯುತ್ತಿತ್ತು ಎಂಬುದು ಊರಿಗೆಲ್ಲ ನೆನಪಿರುತ್ತದೆ.

ನವರೋಜಿ ನಗರ ಆ ಮಾರಿದ ಎಕರೆ. ರಿಂಗ್ ರೋಡಿನ ಅಂಚಿಗಿದ್ದ ಪುಟ್ಟ ಕಾಲೊನಿ. ನನ್ನ ಶಾಲೆಯ ಗೆಳತಿಯೊಬ್ಬಳ ಮನೆ ಅಲ್ಲಿತ್ತು. ಅಲ್ಲಿಯ 600ಕ್ಕೂ ಹೆಚ್ಚು ಕ್ವಾರ್ಟರ್ಸುಗಳು ಹೋಗಿ ವರ್ಲ್ಡ್ ಟ್ರೇಡ್ ಸೆಂಟರ್ ಎಂಬ ಗಾಜಿನ ಗೋಪುರಗಳ ಗುಂಪು ಬಂದಿದೆ, ಸುಮಾರು 34 ಲಕ್ಷ ಚದರಡಿ ವಾಣಿಜ್ಯ ಜಾಗ. 2025ರ ಜನವರಿ 3ರಂದು ಪ್ರಧಾನಿ ಅದನ್ನೂ ಸರೋಜಿನಿ ನಗರದ ಹೊಸ ಟೈಪ್ ಟು ವಸತಿಗಳನ್ನೂ ಒಂದೇ ದಿನ ಉದ್ಘಾಟಿಸಿದರು. ಟೈಪ್ ಟು ಲೆಕ್ಕ 28 ಗೋಪುರ, 2,500ಕ್ಕೂ ಹೆಚ್ಚು ಮನೆ. ಟೀವಿಯಲ್ಲಿ ಅದನ್ನು ನೋಡಿದಾಗ ‘ಟೈಪ್ ಟು’ ಎಂಬ ಪದ ಕಿವಿಗೆ ಬಿದ್ದದ್ದೇ ನನಗೆ ಕುಂಕುಮ ಬಿದ್ದ ಆ ಕಾಗದ ನೆನಪಾಯಿತು.

ಗುಮಾಸ್ತರ ಮನೆ, ಆಫೀಸು, ಅಂಗಡಿ ಎಲ್ಲ ಒಂದೇ ಕಡೆ ಇರಬೇಕು, ಮೆಟ್ರೋ ಪಕ್ಕದಲ್ಲಿರಬೇಕು ಎಂಬುದು ಈಗಿನ ನಗರ ಯೋಜಕರ ಮಂತ್ರ. ಕಿದ್ವಾಯಿ ನಗರದ ಪೂರ್ವ ಭಾಗದಲ್ಲಿ ಇದೇ ಮಾದರಿ ಮೊದಲೇ ಬಂದಿತ್ತು. ಅಲ್ಲಿ 86 ಎಕರೆಯಲ್ಲಿ ಮನೆಗಳೂ ಆಫೀಸುಗಳೂ ಒಟ್ಟೊಟ್ಟಿಗೆ ಎದ್ದಿವೆ. ಲೋದಿ ಕಾಲದ ದರಿಯಾ ಖಾನನ ಗೋರಿ ಅವುಗಳ ಮಗ್ಗುಲಲ್ಲಿ ಕೂತಿದೆ. ಸರೋಜಿನಿ ನಗರಕ್ಕೆ ಮೆಟ್ರೋ ಬಂದದ್ದು 2018ರ ಆಗಸ್ಟಿನಲ್ಲಿ, ಪಿಂಕ್ ಲೈನಿನಲ್ಲಿ. ನಾವಿದ್ದಾಗ ಇದ್ದದ್ದು ರಿಂಗ್ ರೈಲು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ಅದಕ್ಕೆ ಹೊಸ ಜೀವ ಕೊಟ್ಟಿದ್ದರು. ಕ್ರೀಡಾಕೂಟ ಮುಗಿದ ಮೇಲೂ ಬೋಗಿಗಳು ಖಾಲಿಖಾಲಿ ಸುತ್ತುತ್ತಿದ್ದವು. ನಾವು ಮಕ್ಕಳು ಸುಮ್ಮನೆ ಹತ್ತಿ ಒಂದು ಸುತ್ತು ಬಂದು ಮನೆಗೆ ಬರುತ್ತಿದ್ದೆವು.

ಈಗ ಮರಗಳ ವಿಷಯ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು.

2018ರ ಜೂನ್. ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೆ. ನಮ್ಮ ಕಾಲೊನಿಯ ಬೀದಿಗಳಲ್ಲಿ ಜನ ಮರಗಳನ್ನು ತಬ್ಬಿಕೊಂಡು ನಿಂತಿದ್ದರು. ಮುದುಕರು, ಕಾಲೇಜಿನ ಹುಡುಗಿಯರು, ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪಂದಿರು. ಈ ಕಾಲೊನಿಗಳ ಮರುನಿರ್ಮಾಣಕ್ಕೆ 16,000ಕ್ಕೂ ಮಿಕ್ಕಿ ಮರಗಳು ಬಲಿಯಾಗುತ್ತವೆ ಎಂದು ಪತ್ರಿಕೆಗಳು ಬರೆದಿದ್ದವು. ಒಬ್ಬ ಮೂಳೆ ವೈದ್ಯರು ದೆಹಲಿ ಹೈಕೋರ್ಟಿಗೆ ಹೋದರು. ಜೂನ್ 25ರಂದು ಎನ್‌ಬಿಸಿಸಿ, ಮುಂದಿನ ವಿಚಾರಣೆಯವರೆಗೆ ಮರ ಕಡಿಯುವುದಿಲ್ಲ ಎಂದು ಕೋರ್ಟಿಗೆ ಹೇಳಿತು. ಆಮೇಲೆ ನಕ್ಷೆಗಳನ್ನು ಮತ್ತೆ ಬರೆಯುವ ಮಾತು ಬಂತು, ಕೆಲವು ಕಡೆ ಬರೆದರು ಕೂಡ. ಎರಡು ವರ್ಷ ಮುಂಚೆ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬೇಡವೆಂದು ಬೆಂಗಳೂರಿನವರು ಕೈಕೈ ಹಿಡಿದು ಸಾಲಾಗಿ ನಿಂತಿದ್ದರು, ಆ ಸಾಲಿನಲ್ಲಿ ನಾನೂ ಇದ್ದೆ. ಆ ಯೋಜನೆಯನ್ನು ಮರುವರ್ಷ ಕೈಬಿಟ್ಟರು. ಹಾಗಾಗಿ ದೆಹಲಿಯ ಆ ಚಿತ್ರಗಳನ್ನು ನೋಡಿದಾಗ, ಜನ ನಿಂತರೆ ಮರ ನಿಲ್ಲುತ್ತದೆ ಎಂಬ ಧೈರ್ಯ ನನ್ನಲ್ಲಿತ್ತು. ಫೋಟೋ ದೊಡ್ಡದು ಮಾಡಿ ಮಾಡಿ ನಮ್ಮ ನೇರಳೆಯನ್ನು ಹುಡುಕುತ್ತಿದ್ದೆ. ಅಮ್ಮ ಆಗ ಇನ್ನೂ ಇದ್ದಳು. ಮೊಬೈಲು ಅವಳ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ನೋಡಿ ಅವಳು ಕೇಳಿದ್ದು ಬೇರೆಯೇ.

“ದೀದಿ ಎಲ್ಲೂ ಕಾಣ್ತಿಲ್ವಲ್ಲೇ. ಅವರೆಲ್ಲಿಗೆ ಹೋದರಂತೆ?”

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮನೆಗಳ ಲೆಕ್ಕ ಓದಿದ್ದೆ, ಮರಗಳ ಲೆಕ್ಕ ಓದಿದ್ದೆ. ಒಂದು ಕಡಿದರೆ ಹತ್ತು ನೆಡಬೇಕು ಎಂಬ ನಿಯಮವೂ ಗೊತ್ತಿತ್ತು. ಕೇಳಿದವರ ಮುಂದೆ ಇಷ್ಟನ್ನೂ ಒಪ್ಪಿಸಬಲ್ಲವಳಾಗಿದ್ದೆ. ಮರದ ಬುಡದಲ್ಲಿ ನಲವತ್ತು ವರ್ಷ ನಿಂತು ಇಡೀ ಬ್ಲಾಕಿನ ಶರಟು ತೀಡಿದವರ ಲೆಕ್ಕ ಯಾವ ಕಾಲಮ್ಮಿನಲ್ಲಿದೆ ಎಂದು ನಾನು ಹುಡುಕಿರಲಿಲ್ಲ. ಅಮ್ಮ ಹುಡುಕಿದ್ದು ಮೊದಲು ಅದನ್ನೇ.

ಸರ್ಕಾರಿ ಕಾಲೊನಿ ಎಂದರೆ ಬರೀ ಸರ್ಕಾರಿ ನೌಕರರದಲ್ಲ. ನಮ್ಮ ಸಾಲಿಗೆ ಇಸ್ತ್ರಿಯ ಚಾಚಾ, ಮೂಲೆಯಲ್ಲಿ ಸೈಕಲ್ ಪಂಕ್ಚರ್ ಹಾಕುವವನು, ಅರಳಿ ಮರದ ಕೆಳಗೆ ಕನ್ನಡಿ ತೂಗುಹಾಕಿದ ಕ್ಷೌರಿಕ, ಮಧ್ಯಾಹ್ನ ಬರುವ ಕುಲ್ಫಿಯವನು, ಚಳಿಗಾಲಕ್ಕೆ ರಜಾಯಿಯ ಹತ್ತಿ ಬಿಲ್ಲಿನಲ್ಲಿ ಹಿಂಜುವವನು. ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸರು ಪಕ್ಕದ ಜುಗ್ಗಿಗಳವರು, ಅಂದರೆ ಜೋಪಡಿಗಳವರು. ಇವರಲ್ಲಿ ಎಷ್ಟೋ ಜನ ನಮಗಿಂತ ಹೆಚ್ಚು ಕಾಲ ಅಲ್ಲಿದ್ದವರು. ನಾವು ಅಲಾಟ್‌ಮೆಂಟ್ ಮೇಲೆ ಬಂದು ನಿವೃತ್ತಿಯ ಮೇಲೆ ಹೋಗುವವರು. ಅವರು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅಲ್ಲೇ. ಹೊಸದಾಗಿ ಮನೆಗೆ ಬಂದವರಿಗೆ ಹಾಲಿನ ಬೂತು ಎಲ್ಲಿ, ಯಾವ ಪೈಪು ಕಟ್ಟಿಕೊಳ್ಳುತ್ತದೆ, ಹಿಂದಿನವರು ಎಂಥವರು ಎಂದು ಹೇಳುತ್ತಿದ್ದವರು ಅವರೇ. ಕಾಲೊನಿಯ ನೆನಪು ಎಂಬುದು ಇದ್ದದ್ದು ಅವರ ಹತ್ತಿರ. ಕಾಗದ ಇದ್ದದ್ದು ನಮ್ಮ ಹತ್ತಿರ.

2022ರ ಏಪ್ರಿಲಿನಲ್ಲಿ ಸರೋಜಿನಿ ನಗರದ ಸುಮಾರು 200 ಜುಗ್ಗಿಗಳನ್ನು ಒಡೆಯಲು ನೋಟಿಸು ಬಂದಾಗ ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ಅರ್ಜಿ ಹಾಕಿದವರಲ್ಲಿ ಒಬ್ಬಳು ಹತ್ತನೇ ತರಗತಿಯ ಹುಡುಗಿ. ಮರುದಿನವೇ ಅವಳ ಬೋರ್ಡ್ ಪರೀಕ್ಷೆ ಶುರು. ಕೋರ್ಟು ಒಡೆಯುವುದನ್ನು ಆಗಿನ ಮಟ್ಟಿಗೆ ತಡೆಯಿತು. ಆ ಸುದ್ದಿಯ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಅದೇ ಬೀದಿಯಲ್ಲಿ ನಾನೂ ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದಿದವಳು. ಅಪ್ಪನ ಕೆಲಸ ಇದೆ, ಮನೆ ಇದೆ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನಿಶ್ಚಿಂತೆಯಿಂದ ಓದಿದವಳು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಅಲಾಟ್‌ಮೆಂಟ್ ಕಾಗದ ಮಾತ್ರ.

ಮತ್ತೆ ನವೆಂಬರಿಗೆ ಬರುತ್ತೇನೆ.

ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಹಿಂದೆ ಒಬ್ಬ ಹುಡುಗಿ. ಮಾತಿನಲ್ಲೇ ಕಲಬುರಗಿಯವಳು ಎಂದು ತಿಳಿಯಿತು. ಸಚಿವಾಲಯವೊಂದರಲ್ಲಿ ಕೆಲಸ, ಈ ವರ್ಷವಷ್ಟೇ ಕ್ವಾರ್ಟರ್ಸ್ ಸಿಕ್ಕಿದೆಯಂತೆ. ಎಲ್ಲಿ ಎಂದೆ. ಸರೋಜಿನಿ ನಗರ, ಟೈಪ್ ಟು ಎಂದಳು. ತಟ್ಟೆ ಹಿಡಿದ ನನ್ನ ಕೈ ನಡುಗಿತು. ನಮ್ಮ ಕಥೆ ಹೇಳಿದೆ. ಅವಳು ಎರಡನೇ ಮಾತಿಲ್ಲದೆ “ನಾಳೆ ಬರ್ರಿ ಅಕ್ಕಾರ, ನಮ್ಮ ಮನಿ ನೋಡಕೊಂಡ ಹೋಗ್ರಿ” ಎಂದಳು.

ಮರುದಿನ ಮೆಟ್ರೋ ಇಳಿದು ಹೊರಗೆ ಬಂದರೆ ದಿಕ್ಕೇ ತಪ್ಪಿತು. ನವೆಂಬರಿನ ಹೊಗೆ ಬೇರೆ, ಸೂರ್ಯ ಹಳೆಯ ನಾಲ್ಕಾಣೆಯ ಬಣ್ಣಕ್ಕೆ ತಿರುಗಿದ್ದ. ಮಾರ್ಕೆಟ್ಟಿನ ಕಡೆ ಮಾತ್ರ ಅದೇ ಗಲಾಟೆ, ಅದೇ ರಫ್ತಿನಿಂದ ಉಳಿದ ಬಟ್ಟೆಗಳ ರಾಶಿ, ಅದೇ ಕೂಗು. 2005ರ ಅಕ್ಟೋಬರಿನಲ್ಲಿ ದೀಪಾವಳಿಯ ಹಿಂದಿನ ಶನಿವಾರ ಇದೇ ಮಾರ್ಕೆಟ್ಟಿನಲ್ಲಿ ಬಾಂಬು ಸಿಡಿದಾಗ ನಾವು ಹಾಸನದಿಂದ ರಾತ್ರಿಯಿಡೀ ಹಳೆಯ ನೆರೆಯವರಿಗೆಲ್ಲ ಫೋನು ಹಚ್ಚಿದ್ದೆವು. ಚಾಚಾನಿಗೆ ಫೋನ್ ಇರಲಿಲ್ಲ.

ಗೇಟಿನಲ್ಲಿ ಸೆಕ್ಯುರಿಟಿಯವನು ಹೆಸರು, ನಂಬರು, ಟವರು, ಫ್ಲಾಟು ಬರೆಸಿಕೊಂಡ. ನಾನು ಹುಟ್ಟಿ ಬೆಳೆದ ಬೀದಿಗೆ ವಿಸಿಟರ್ ಎಂದು ಸಹಿ ಹಾಕಿ ಒಳಗೆ ಹೋದೆ. ಅದರಲ್ಲಿ ಅವನ ತಪ್ಪಿಲ್ಲ. ಹದಿಮೂರು ಗಂಟೆ ನಿಲ್ಲುವ ಕೆಲಸ ಅವನದು.

ಹುಡುಗಿಯ ಮನೆ ಚೆನ್ನಾಗಿದೆ. ಈ ಮಾತನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಗೋಡೆ ಒಣಗಿದೆ, ನೆಲ ನುಣುಪು, ನಲ್ಲಿಯಲ್ಲಿ ಯಾವ ಹೊತ್ತಿಗೂ ನೀರು. ಲಿಫ್ಟು ಕೆಲಸ ಮಾಡುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ, ಮಳೆ ನೀರು ಇಂಗಿಸುತ್ತಾರೆ. ನಮ್ಮ ಕಾಲದಲ್ಲಿ ಇವುಗಳ ಹೆಸರೂ ಕೇಳಿರಲಿಲ್ಲ. ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಅರೆಬರೆ ಕಟ್ಟಿದ ಗೋಪುರಗಳು, ಕ್ರೇನುಗಳು. ಇನ್ನೊಂದು ಕಡೆ ದೂರದಲ್ಲಿ ಗಾಜು. ಅವಳು ಚಹಾ ಮಾಡಿ, ಊರಿಂದ ಬಂದ ಶೇಂಗಾ ಹೋಳಿಗೆ ಕೊಟ್ಟಳು. ನಾನು ಮಾತಾಡುತ್ತಲೇ ಇದ್ದೆ. ಇಲ್ಲಿ ಬೇಸಿಗೆ ರಾತ್ರಿ ಹುಲ್ಲಿನ ಮೇಲೆ ಮಂಚ ಹಾಕಿ ಮಲಗುತ್ತಿದ್ದೆವು, ಇಲ್ಲಿ ಸಾಲು ಮರ ಇತ್ತು, ಕೋಗಿಲೆ ನಾಲ್ಕು ಗಂಟೆಗೇ ಎಬ್ಬಿಸುತ್ತಿತ್ತು ಎಂದೆಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

“ನಿಮ್ಮ ಮರ ಭಾಳ ಚಲೋ ಇತ್ತರಿ ಅಕ್ಕಾರ, ಖರೆ. ಆದ್ರ ನನಗ ಮನಿ ಬೇಕಾಗಿತ್ತು. ಮೂರು ವರ್ಷ ಮುನಿರ್ಕಾದಾಗ ಕಿಟಕಿ ಇಲ್ಲದ ಖೋಲಿನಾಗ ಇದ್ದೀನಿ. ಪಗಾರದಾಗ ಅರ್ಧ ಅದಕ್ಕ ಹೋಗ್ತಿತ್ತು. ಅವ್ವನ್ನ ಕರಕೊಂಡ ಬರಾಕ ಆಗಿರಲಿಲ್ಲ. ಈಗ ಅಕಿ ಬಂದಾಳ, ಒಳಗ ಮಲಗ್ಯಾಳ.”

ನನಗೆ ಮಾತು ಹೊರಡಲಿಲ್ಲ. ಅವಳ ಕಿಟಕಿಯಿಲ್ಲದ ಕೋಣೆ ನಮ್ಮ ಕರೋಲ್ ಬಾಗಿನ ಬರಸಾತಿಯೇ. ಅಂದು ಅಮ್ಮನಿಗೆ ಸಿಕ್ಕಿದ್ದು ಇಂದು ಇವಳ ಅವ್ವನಿಗೆ ಸಿಕ್ಕಿದೆ. ಇಷ್ಟು ಎತ್ತರ ಕಟ್ಟದಿದ್ದರೆ ಇವಳ ಸರದಿ ಇನ್ನೂ ಎಷ್ಟು ವರ್ಷಕ್ಕೆ ಬರುತ್ತಿತ್ತೋ. ಮರಕ್ಕಾಗಿ ಅಳುವವರು ಈ ಹುಡುಗಿಯ ಎದುರು ಕೂತು ಅವಳ ಮಾತು ಕೇಳಿಸಿಕೊಂಡು ಆಮೇಲೆ ಅಳಬೇಕು ಎಂದು ನನಗೆ ಅವತ್ತು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಕೆಳಗೆ ಇಳಿದು ಬಂದಾಗ ಅವಳೇ ಕೈ ತೋರಿಸಿದಳು. “ನೀವು ಹೇಳಿದ ಮರ ಅದೇ ಏನು ನೋಡ್ರಿ.”

ಎರಡು ಗೋಪುರಗಳ ನಡುವೆ, ಹೊಸದಾಗಿ ಹಾಸಿದ ಹುಲ್ಲಿನ ಮಧ್ಯೆ, ನೇರಳೆ ನಿಂತಿತ್ತು. ಸುತ್ತಲೂ ಮೊಳಕಾಲೆತ್ತರದ ಸಿಮೆಂಟು ಕಟ್ಟೆ. ಕಾಂಡದ ಮೇಲೆ ಒಂದು ತಗಡಿನ ಚೂರು, ಅದರಲ್ಲಿ ನಂಬರು. ನಮ್ಮದೇ ಮರ ಹೌದೋ ಅಲ್ಲವೋ ಎಂದು ನಾನು ಒಂದು ಕ್ಷಣ ಅನುಮಾನಿಸಿದೆ. ಬುಡದ ಹತ್ತಿರ ಹೋಗಿ ಬಗ್ಗಿದೆ. ಒಂದು ಆಳುದ್ದ ಮೇಲೆ ಕಾಂಡದೊಳಗೆ ಹುದುಗಿದ ಕಬ್ಬಿಣದ ಕೊಕ್ಕೆ. ಚಾಚಾ ಟಾರ್ಪಾಲಿನ ಹಗ್ಗ ಕಟ್ಟುತ್ತಿದ್ದ ಕೊಕ್ಕೆ. ಮರ ಅದನ್ನು ಅರ್ಧ ನುಂಗಿತ್ತು.

ಮರ ಉಳಿದಿದೆ ಎಂದು ಸಂತೋಷವಾಯಿತು, ತುಂಬಾ. ಅದನ್ನು ತಬ್ಬಿಕೊಂಡು ನಿಂತ ಆ ಜನಗಳಿಗೆ, ಕೋರ್ಟಿಗೆ ಹೋದ ಆ ವೈದ್ಯರಿಗೆ, ನಕ್ಷೆ ತಿದ್ದಿದ ಯಾರೋ ಎಂಜಿನಿಯರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಬುಡವನ್ನು ನೋಡಿದೆ. ಮೇಜಿಲ್ಲ, ಇದ್ದಿಲ ಬೂದಿಯಿಲ್ಲ, ಕೂತು ಮಾತಾಡುವವರಿಲ್ಲ. ಹುಲ್ಲಿನ ಮೇಲೆ ನಡೆಯಬಾರದು ಎಂಬ ಫಲಕ ಇದೆ.

“ಇಲ್ಲಿ ಬಟ್ಟೆ ಇಸ್ತ್ರಿ ಯಾರು ಮಾಡ್ತಾರಮ್ಮ?” ಎಂದೆ.

“ಹೊರಗೊಬ್ಬ ಭೈಯಾ ಅದಾನ್ರಿ. ಪಾಸ್ ಅದ ಅವಂಗ. ಮುಂಜಾನೆ ಬಂದು ಮ್ಯಾಲಿಂದ ತೊಗೊಂಡು ಹೋಗ್ತಾನ, ಸಂಜಿಕ ತಂದು ಕೊಡ್ತಾನ.”

ಕಾಂಪೌಂಡ್ ಗೋಡೆಯ ಹೊರಮಗ್ಗುಲಿಗೆ, ಕಟ್ಟಡ ಸಾಮಗ್ರಿಯ ತಗಡಿನ ಬೇಲಿಗೂ ಫುಟ್‌ಪಾತಿಗೂ ನಡುವೆ, ಒಂದು ತಳ್ಳುಗಾಡಿ. ಮೇಲೆ ಮಡಚಿದ ಕಂಬಳಿ. ಇಸ್ತ್ರಿ ಪೆಟ್ಟಿಗೆ ಈಗ ಗ್ಯಾಸಿನದು. ಐವತ್ತರ ಹತ್ತಿರದ ಗಂಡಸು, ಹಣೆ ಅವನಮ್ಮ ಚಾಚಿಯದೇ. ನಾನು ಬ್ಲಾಕಿನ ಹಳೆಯ ನಂಬರು ಹೇಳಿದೆ. ಅವನು ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟ.

“ಮದ್ರಾಸಿ ಆಂಟಿಯ ಮಗಳು? ನೀರಾಲೆ ಆಂಟಿ?”

ನಾವು ಮದ್ರಾಸಿನವರಲ್ಲ ಎಂದು ಅಮ್ಮ ಇಪ್ಪತ್ತು ವರ್ಷ ಹೇಳಿ ಸೋತಿದ್ದಳು. ಅವತ್ತು ನಾನು ತಿದ್ದಲಿಲ್ಲ. ಹೌದು ಎಂದೆ.

ಚಾಚಾ 2011ರಲ್ಲೇ ಹೋದರಂತೆ. ಚಾಚಿ ಊರಲ್ಲಿದ್ದಾರೆ, ಕಣ್ಣು ಮಂಜು. ಕ್ವಾರ್ಟರ್ಸ್ ಒಡೆಯಲು ಶುರುವಾದ ಮೇಲೆ ಎರಡು ವರ್ಷ ಇವನಿಗೆ ಗಿರಾಕಿಗಳೇ ಇರಲಿಲ್ಲ. ಇದ್ದವರನ್ನೆಲ್ಲ ಬೇರೆ ಬೇರೆ ಕಾಲೊನಿಗಳಿಗೆ ಕಳಿಸಿದ್ದರು. ಕೆಲವು ದಿನ ಲಕ್ಷ್ಮೀಬಾಯಿ ನಗರದ ಕಡೆ, ಕೆಲವು ದಿನ ಕಟ್ಟಡ ಕೆಲಸದಲ್ಲೇ ಕೂಲಿ. ಈ ಗೋಪುರಕ್ಕೂ ಇಟ್ಟಿಗೆ ಹೊತ್ತಿದ್ದೇನೆ ಎಂದು ತೋರಿಸಿದ. ದೂರಿನ ಧ್ವನಿಯಲ್ಲಿ ಏನೂ ಹೇಳಲಿಲ್ಲ. ಮನೆಗಳು ಜಾಸ್ತಿಯಾಗಿವೆ, ಬಟ್ಟೆಯೂ ಜಾಸ್ತಿ, ಆದರೆ ಎಲ್ಲರ ಮನೆಯಲ್ಲೂ ಕರೆಂಟಿನ ಇಸ್ತ್ರಿ ಇದೆ ಎಂದ. ಹಳೆಯ ಜಾಗದಲ್ಲಿ ನಿಲ್ಲಬಹುದಾ ಎಂದು ಒಮ್ಮೆ ಕೇಳಿ ನೋಡಿದನಂತೆ. ಒಳಗೆ ಆಗುವುದಿಲ್ಲ ಎಂದರಂತೆ. ನವೆಂಬರಿನಲ್ಲಿ ನೆರಳಿನ ಬೆಲೆ ತಿಳಿಯುವುದಿಲ್ಲ. ಅವನು ತಲೆಯ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆ ತೋರಿಸಿ, “ಮೇ ತಿಂಗಳಲ್ಲಿ ಬನ್ನಿ ದೀದಿ, ಇದರ ಕೆಳಗೆ ಒಂದು ಗಂಟೆ ನಿಲ್ಲಿ” ಎಂದ. ಅಷ್ಟೇ.

ಕೊಕ್ಕೆ ಇನ್ನೂ ಮರದಲ್ಲಿದೆ ಎಂದು ಹೇಳಿದೆ. ಅವನಿಗೆ ಗೊತ್ತಿತ್ತು. ಬೆಳಗ್ಗೆ ಬಟ್ಟೆ ತರಲು ಹೋದಾಗೆಲ್ಲ ಆ ದಾರಿಯಲ್ಲೇ ಹೋಗುತ್ತಾನಂತೆ.

ನನ್ನ ಚೀಲದಲ್ಲಿ ಒಂದು ಹತ್ತಿಯ ದುಪಟ್ಟಾ ಮುದ್ದೆಯಾಗಿ ಬಿದ್ದಿತ್ತು. ತೆಗೆದು ಕೊಟ್ಟೆ. ಅವನು ಅದನ್ನು ಝಾಡಿಸಿ, ಕಂಬಳಿಯ ಮೇಲೆ ಹರಡಿ, ಚಾಚಾ ಮಾಡುತ್ತಿದ್ದ ಹಾಗೇ ಅಂಗೈಯಲ್ಲಿ ನೀರು ತಗೊಂಡು ಚಿಮುಕಿಸಿದ. ಗಾಡಿಯ ಅಡಿಯಿಂದ ಅಂಚು ಹರಿದ ಒಂದು ನೋಟ್‌ಬುಕ್ ತೆಗೆದ. ಟವರಿಗೊಂದು ಪುಟ. ಕಿವಿಯ ಮೇಲಿನ ಪೆನ್ನು ತೆಗೆದು ಅಭ್ಯಾಸದಂತೆ ಕೇಳಿದ:

“ಫ್ಲಾಟ್ ನಂಬರ್?”

ಇಲ್ಲಪ್ಪ, ಇಲ್ಲೇ ನಿಂತು ತಗೊಂಡು ಹೋಗ್ತೀನಿ ಎಂದೆ. ಅವನು ನೋಟ್‌ಬುಕ್ ಮುಚ್ಚಿ, ಕೂರುವ ಸ್ಟೂಲನ್ನು ಬಿಸಿಲು ಬೀಳುತ್ತಿದ್ದ ಕಡೆಗೆ ಸರಿಸಿ ಕೊಟ್ಟ.